ಎತ್ತಿದ ಕೈ ಮತ್ತು ಡೊರೆಥಾಳ ಕಾರು

ನಾನು ಒಫೀಲಿಯಾ ಗ್ರೀರ್, ಗಂಡ ದಿವಂಗತ ಹರ್ಷೆಲ್ ಗ್ರೀರ್, ವಯಸ್ಸು 69 ವರ್ಷ, ನಿವೃತ್ತ ಶಾಲಾ ಬಸ್ ಚಾಲಕಿ, ವಾಸ ಆರೆಂಜ್ ಮೌಂಡ್ ಬಡಾವಣೆ, ಮೆಂಫಿಸ್ ನಗರ, ಟೆನೆಸಿ ರಾಜ್ಯ. ಕಾರು ಎಳೆದೊಯ್ಯುವ ಟೋಯಿಂಗ್ ಕಂಪನಿಯ ಮಾಲೀಕರು ಕೊಟ್ಟಿರುವ ದೂರಿನ ಸಂಬಂಧ ಕರೆದ ಮೇರೆಗೆ ಈ ದಿನ ಠಾಣೆಗೆ ಬಂದು, ಯಾರ ಒತ್ತಾಯವೂ ಇಲ್ಲದೆ, ನಡೆದದ್ದನ್ನು ನಡೆದ ಹಾಗೆಯೇ ಬರೆಸುವುದೇನೆಂದರೆ,

ನಾನು ನಮ್ಮ ಬಡಾವಣೆಯ ನ್ಯೂ ಬೆಥಾರಾ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಬಾಗಿಲ ಸೇವೆಯ ಬಳಗದ ಅಧ್ಯಕ್ಷೆ. ಬಿಳಿ ಸಮವಸ್ತ್ರ, ಬಿಳಿ ಕೈಗವಸು ತೊಟ್ಟು ಬಾಗಿಲಲ್ಲಿ ನಿಂತು ಬಂದವರನ್ನು ಬೆಂಚಿಗೆ ಕೂರಿಸುವುದು, ಭಕ್ತಿಯ ಆವೇಶದಲ್ಲಿ ಬಿದ್ದವರನ್ನು ಎಬ್ಬಿಸುವುದು, ಅಳುವವರಿಗೆ ಬೀಸಣಿಗೆ ಕೊಡುವುದು ನಮ್ಮ ಕೆಲಸ. ಆರಾಧನೆ ನಡೆಯುವಾಗ ನಾವು ಮಾತಾಡುವುದಿಲ್ಲ, ಎಲ್ಲವೂ ಕೈಸನ್ನೆ. ಪ್ರಾರ್ಥನೆ ಶುರುವಾದರೆ ಎಡಗೈ ಬೆನ್ನ ಹಿಂದೆ ಇಟ್ಟು, ಬಲಗೈಯನ್ನು ಅಂಗೈ ಕಾಣುವ ಹಾಗೆ ಎತ್ತಿ ನಿಲ್ಲುತ್ತೇವೆ. ಆ ಕೈ ಇಳಿಯುವ ತನಕ ಯಾರೂ ಅಲುಗಾಡುವಂತಿಲ್ಲ. ಒಂದು ಸಲ ಸಿಟಿ ಕೌನ್ಸಿಲ್ ಸದಸ್ಯರೊಬ್ಬರು ಜಡಿಮಳೆಯಲ್ಲಿ ನಮ್ಮ ಮೆಟ್ಟಿಲ ಮೇಲೆ ನೆನೆದು ನಿಂತಿದ್ದರು. ನನ್ನ ಕೈ ಇಳಿಯಲಿಲ್ಲ. ಅವರು ಮುಂದಿನ ಚುನಾವಣೆಯಲ್ಲೂ ಗೆದ್ದರು, ಅದು ಬೇರೆ ಮಾತು.

2024ನೇ ಜೂನ್ 9ರ ಭಾನುವಾರ ಬೆಳಿಗ್ಗೆ 10.50ಕ್ಕೆ ನಾನು ಪಕ್ಕದ ಗಾಜಿನ ಬಾಗಿಲ ಹೊರಗಿನ ಮೆಟ್ಟಿಲ ಮೇಲೆ ನನ್ನ ಜಾಗದಲ್ಲಿ ನಿಂತೆನು. ಅಲ್ಲಿಂದ ಕಾರು ನಿಲ್ಲಿಸುವ ಅಂಗಳ ಪೂರ್ತಿ ಕಾಣುತ್ತದೆ. ಅದೇ ಬಾಗಿಲ ಒಳಗಡೆ ನಮ್ಮ ಬಳಗದ ಡೊರೆಥಾ ಲೈಲ್ಸ್, ವಯಸ್ಸು 43 ವರ್ಷ, ನಿಂತಿದ್ದಳು. ಇವಳು ಹಾಸಿಗೆ ಹಿಡಿದವರ ಮನೆಗೆ ಹೋಗಿ ಸ್ನಾನ ಮಾಡಿಸಿ, ಊಟ ಮಾಡಿಸಿ, ಔಷಧಿ ಕೊಟ್ಟು ಬರುವ ಕೆಲಸದವಳು. ಹನ್ನೆರಡು ವರ್ಷದಿಂದ ನನ್ನ ಕೈಕೆಳಗೆ ಸೇವೆ ಮಾಡುತ್ತಿದ್ದಾಳೆ. ಗವಸಿನಲ್ಲಿ ಒಂದು ಕಲೆ ಇಟ್ಟುಕೊಂಡು ಬಂದವಳಲ್ಲ.

ಮೊದಲ ಹಾಡು ಮುಗಿಯುವ ಹೊತ್ತಿಗೆ ಅಂಗಳಕ್ಕೆ ಒಂದು ಟೋಯಿಂಗ್ ಗಾಡಿ ಬಂದಿತು. ಯಾರದೋ ಕಾರು ಕೆಟ್ಟು ನಿಂತಿರಬೇಕು, ಪಾಪ, ಭಾನುವಾರವೂ ಬಂದಿದ್ದಾನೆ ಎಂದುಕೊಂಡೆನು. ಆ ಗಾಡಿ ನೇರವಾಗಿ ಮ್ಯಾಗ್ನೋಲಿಯಾ ಮರದ ನೆರಳಿನಲ್ಲಿದ್ದ ಡೊರೆಥಾಳ ಬೂದು ಬಣ್ಣದ ಕಾರಿನ ಹತ್ತಿರ ಹೋಗಿ, ಹಿಂದಿನ ಕಬ್ಬಿಣದ ತೋಳನ್ನು ಚಾಚಿ ಮುಂದಿನ ಎರಡೂ ಚಕ್ರಗಳನ್ನು ನೆಲದಿಂದ ಎತ್ತಿತು. ಕೀಲಿ ಕೇಳಲಿಲ್ಲ, ಹಾರನ್ ಹೊಡೆಯಲಿಲ್ಲ. ಆಗ ನನಗೆ ಇದು ಜಪ್ತಿ ಎಂದು ಗೊತ್ತಾಯಿತು. ನಮ್ಮ ಬೀದಿಯಲ್ಲಿ ನಾನು ಇದನ್ನು ಸಾಕಷ್ಟು ನೋಡಿದ್ದೇನೆ, ಆದರೆ ದೇವರ ಅಂಗಳದಲ್ಲಿ ನೋಡಿದ್ದು ಅದೇ ಮೊದಲು.

ಡೊರೆಥಾ ಗಾಜಿನ ಮೂಲಕ ಇದನ್ನು ಕಂಡು ನನ್ನನ್ನು ದಾಟಿ ಕೆಳಗಿಳಿದು ಹೋದಳು. ಓಡಲಿಲ್ಲ. ನಮ್ಮ ಬಳಗದವರು ಓಡುವುದಿಲ್ಲ. ಚಾಲಕ ಸುಮಾರು ಮೂವತ್ತೈದರ ಪ್ರಾಯದವನು, ಹೆಸರು ಟೈರೆಲ್ ಸ್ಪೈಟ್ಸ್ ಎಂದು ಆಮೇಲೆ ತಿಳಿಯಿತು. ಅವರ ಮಾತು ಮೆಟ್ಟಿಲವರೆಗೂ ಕೇಳುತ್ತಿತ್ತು. ಆತ ಟೋಪಿಯ ಅಂಚು ಮುಟ್ಟಿಕೊಂಡು, ನಂಗೂ ಬೇಜಾರೇ ಮೇಡಂ, ಮೂರು ಕಂತು ಬಾಕಿ ಅಂತ ಆರ್ಡರ್ ಬಂದಿದೆ, ನಾನು ಎತ್ತಿ ಯಾರ್ಡಿಗೆ ಬಿಡೋನು ಅಷ್ಟೇ ಎಂದನು. ಅದಕ್ಕೆ ಡೊರೆಥಾ, ಕಂತು ಬಾಕಿ ಇರೋದು ನಿಜ ಕಣಪ್ಪಾ, ನಾನು ಇಲ್ಲ ಅನ್ನಲ್ಲ, ಆದ್ರೆ ಶುಕ್ರವಾರ ಸಾಯಂಕಾಲ ನಮ್ಮ ಲಾಯರು ಕೋರ್ಟಿಗೆ ದಿವಾಳಿ ಅರ್ಜಿ ಹಾಕಾಗಿದೆ, ಇನ್ನು ಇದನ್ನ ಯಾರೂ ಮುಟ್ಟೋ ಹಾಗಿಲ್ಲ ಎಂದಳು.

ದಿವಾಳಿ ಎಂಬ ಮಾತು ನನ್ನ ಕಿವಿಗೆ ಬಿದ್ದದ್ದು ಆಗಲೇ. ಹನ್ನೆರಡು ವರ್ಷ ಹೆಗಲಿಗೆ ಹೆಗಲು ಕೊಟ್ಟು ನಿಂತವಳು ನನಗೆ ಒಂದು ಮಾತು ಹೇಳಿರಲಿಲ್ಲ. ನನಗೆ ಬೇಸರವಾಯಿತು. ಇದು ಪ್ರಕರಣಕ್ಕೆ ಸಂಬಂಧಿಸಿದ್ದಲ್ಲ ಎಂದು ಅಧಿಕಾರಿಗಳು ಹೇಳಿದರು. ಆದರೂ ಬರೆದುಕೊಳ್ಳಬೇಕೆಂದು ಕೋರುತ್ತೇನೆ.

ಚಾಲಕನು, ನಾನು ಎತ್ತೋ ಪ್ರತಿ ಗಾಡಿಯೋರೂ ಶುಕ್ರವಾರಾನೇ ಅರ್ಜಿ ಹಾಕಿರ್ತಾರೆ ಮೇಡಂ, ಕೇಸ್ ನಂಬರ್ ತೋರಿಸಿ, ಈಗಲೇ ಇಳಿಸಿ ಹೋಗ್ತೀನಿ ಎಂದನು. ಆ ನಂಬರು ಅವಳ ಹತ್ತಿರ ಇರಲಿಲ್ಲ. ಸೋಮವಾರ ಕಳಿಸುತ್ತೇನೆ ಎಂದು ವಕೀಲರು ಹೇಳಿದ್ದರಂತೆ. ಅವಳು ಕಾರಿನೊಳಗೆ ಇಟ್ಟಿದ್ದ ತನ್ನ ಫೋನ್ ತೆಗೆದು ವಕೀಲರಿಗೆ ಎರಡು ಸಲ ಕರೆ ಮಾಡಿದಳು, ಅವರ ಫೋನ್ ಆಫ್ ಆಗಿತ್ತು. ವಕೀಲ ಡೆಲ್ಮರ್ ಹಾಬ್ಸನ್ ಅವರು ಆ ಹೊತ್ತಿನಲ್ಲಿ ವೈಟ್‌ಹೇವನ್ ಕಡೆಯ ತಮ್ಮ ಚರ್ಚಿನಲ್ಲಿ ಕೂತಿರುವವರು. ಅದು ನಮ್ಮಲ್ಲಿಂದ ಕಾರಿನಲ್ಲಿ ಇಪ್ಪತ್ತು ನಿಮಿಷ, ಮತ್ತು ಅವಳ ಕಾರು ಗಾಳಿಯಲ್ಲಿತ್ತು.

ಡೊರೆಥಾ ಆತನಿಗೆ ಇನ್ನೂ ಒಂದು ಮಾತು ಹೇಳಿದಳು. ಚಳಿಗಾಲದಲ್ಲಿ ಅವಳು ನೋಡಿಕೊಳ್ಳುತ್ತಿದ್ದ ಮುದುಕಿ ತೀರಿಕೊಂಡಿದ್ದರಿಂದ ಎರಡು ತಿಂಗಳು ಕೆಲಸ ಸಿಗದೆ ಕಂತು ನಿಂತಿತು, ಈಗ ಕೆಲಸ ಸಿಕ್ಕಿದೆ, ಇವತ್ತು ಎರಡು ಗಂಟೆಗೆ ಜರ್ಮನ್‌ಟೌನ್‌ನಲ್ಲಿ ಕಾಲಿಲ್ಲದ ಒಬ್ಬ ಹಿರಿಯರನ್ನು ಹಾಸಿಗೆಯಿಂದ ಎಬ್ಬಿಸಬೇಕು, ಭಾನುವಾರ ಆ ಕಡೆಗೆ ಬಸ್ಸಿಲ್ಲ. ಯಾರ್ಡಿಗೆ ಒಮ್ಮೆ ಸೇರಿದ ಕಾರು ಕಾನೂನು ನಮ್ಮ ಕಡೆ ಇದ್ದರೂ ಈಚೆ ಬರಲು ದಿನಗಟ್ಟಲೆ ಹಿಡಿಯುತ್ತದೆ. ಅಷ್ಟರಲ್ಲಿ ಕೆಲಸ ಹೋಗುತ್ತದೆ. ಸಂಬಳವಿಲ್ಲದಿದ್ದರೆ ಕೋರ್ಟಿಗೆ ಕಟ್ಟುತ್ತೇನೆಂದ ಹಣವೂ ಇಲ್ಲ, ಅರ್ಜಿಯೂ ಉಳಿಯುವುದಿಲ್ಲ. ಚಾಲಕನು ತಲೆ ತಗ್ಗಿಸಿ ಕೇಳಿಸಿಕೊಂಡು, ನಂಬರ್ ಇಲ್ದೆ ಬಿಟ್ರೆ ನನ್ ಕೆಲ್ಸ ಹೋಗುತ್ತೆ ಮೇಡಂ ಎಂದು ಹೇಳಿ ತನ್ನ ಗಾಡಿಯ ಬಾಗಿಲ ಕಡೆಗೆ ನಡೆದನು.

ಆತ ಒಂದು ಕಾಲನ್ನು ಗಾಡಿಯ ಮೆಟ್ಟಿಲ ಮೇಲೆ ಇಟ್ಟಾಗ, ತಲೆ ಬಾಗಿಸೋಣ ಎಂದು ಪ್ರಾರ್ಥನೆ ನಡೆಸುವ ನಮ್ಮ ಚರ್ಚಿನ ಹಿರಿಯ ಡೀಕನ್ ರಕ್ಕರ್ ಅವರ ದನಿ ಅಂಗಳದ ಸ್ಪೀಕರಿನಲ್ಲಿ ಕೇಳಿಬಂತು. ಕೊರೊನಾ ಸೋಂಕಿನ ಕಾಲದಲ್ಲಿ ಜನರು ಕಾರಿನೊಳಗೇ ಕೂತು ಆರಾಧನೆ ಕೇಳಲೆಂದು ಹಾಕಿಸಿದ ಸ್ಪೀಕರು ಅದು. ನನ್ನ ಬಲಗೈ ತಾನಾಗಿ ಮೇಲೆ ಹೋಯಿತು. ಚಾಲಕನು ತಿರುಗಿ ನೋಡಿದನು. ಮೆಟ್ಟಿಲ ಮೇಲಿದ್ದ ಕಾಲನ್ನು ನೆಲಕ್ಕೆ ಇಳಿಸಿ, ಟೋಪಿ ತೆಗೆದು ಎದೆಗೆ ಹಿಡಿದು, ಕಣ್ಣು ಮುಚ್ಚಿ ನಿಂತನು. ಆತನನ್ನು ಬೆಳೆಸಿದವರು ಯಾರೋ, ಚೆನ್ನಾಗಿ ಬೆಳೆಸಿದ್ದಾರೆ.

ಇಲ್ಲಿಯವರೆಗೆ ಅಭ್ಯಾಸ. ಇದರ ಮುಂದಿನದು ನಾನು ತಿಳಿದೇ ಮಾಡಿದ್ದು. ಹಾಗೆಂದೇ ಬರೆದುಕೊಳ್ಳಿ.

ಬೆನ್ನ ಹಿಂದಿದ್ದ ಎಡಗೈಯಿಂದ ಡೊರೆಥಾಳನ್ನು ನನ್ನ ಹಿಂದಕ್ಕೆ ಕರೆದೆನು. ಯಾರಾದರೂ ಕುಸಿದು ಬಿದ್ದರೆ ಆಂಬುಲೆನ್ಸ್ ಕರೆಯಲೆಂದು ಪ್ರತಿ ಚರ್ಚಿನ ಬಾಗಿಲ ಬಳಗದ ಅಧ್ಯಕ್ಷೆ ಮಾತ್ರ ಸಮವಸ್ತ್ರದಲ್ಲಿ ಫೋನ್ ಇಟ್ಟುಕೊಳ್ಳಬೇಕು, ಅದು ಊರಿನ ಎಲ್ಲ ಬಳಗಗಳೂ ಸೇರಿ ಮಾಡಿಕೊಂಡ ನಿಯಮ. ನನ್ನ ಫೋನನ್ನು ಹಿಂದಿನಿಂದ ಅವಳ ಕೈಗೆ ಕೊಟ್ಟು, ತುಟಿ ಅಲುಗಿಸದೆ, ವರ್ನಿಸ್ ಹೋಲ್ಟ್ ಎಂದೆನು. ವರ್ನಿಸ್ ವಕೀಲರ ಚರ್ಚಿನಲ್ಲಿ ನನ್ನ ಹಾಗೆಯೇ ಅಧ್ಯಕ್ಷೆ, ಪ್ರತಿ ವರ್ಷ ಕೈಸನ್ನೆಯ ಸ್ಪರ್ಧೆಯಲ್ಲಿ ನಮಗೆ ಸೋಲುತ್ತಾಳೆ. ಡೊರೆಥಾ ಅವಳಿಗೆ ಸಂದೇಶ ಕಳಿಸಿದಳು. ಆ ಕಡೆ ವರ್ನಿಸ್ ಒಂದು ಬೀಸಣಿಗೆಯ ಹಿಂಬದಿಯಲ್ಲಿ ವಿಷಯ ಬರೆದು, ಸೆಕೆ ಇಲ್ಲದಿದ್ದರೂ ಅದನ್ನು ಒಯ್ದು ವಕೀಲರ ಕೈಗೆ ಕೊಟ್ಟಳೆಂದು ಆಮೇಲೆ ತಿಳಿಯಿತು.

ಇದಕ್ಕೆಲ್ಲ ಸಮಯ ಬೇಕು. ಡೀಕನ್ ಥ್ಯಾಡಿಯಸ್ ರಕ್ಕರ್, ವಯಸ್ಸು 81 ವರ್ಷ, ಇವರ ಪ್ರಾರ್ಥನೆ ಮೊದಲೆಲ್ಲ ಬಹಳ ಉದ್ದವಿರುತ್ತಿತ್ತು. ಒಲೆಯ ಮೇಲೆ ಬೀನ್ಸ್ ಇಟ್ಟು ಬಂದ ಹೆಂಗಸರು ಅವರ ಸರದಿ ಬಂದರೆ ಒಲೆ ಆರಿಸಿ ಬರುತ್ತಿದ್ದರು. ಹೀಗಾಗಿ ನಾಲ್ಕು ವರ್ಷದ ಹಿಂದೆ ಪಾಸ್ಟರ್ ಅವರು ಮೂರು ನಿಮಿಷದ ಮಿತಿ ಹಾಕಿದರು. ಮಿತಿ ಮೀರಿದರೆ ಅವರ ಕೋಟಿನ ಚುಂಗು ಹಿಡಿದು ಎಳೆಯುವ ಜವಾಬ್ದಾರಿಯನ್ನು ಮುಂದಿನ ಬೆಂಚಿನಲ್ಲಿ ಕೂರುವ, ಹಿರಿತನಕ್ಕೆ ನಾವೆಲ್ಲ ಮದರ್ ಎನ್ನುವ ಲೂಸಿಲ್ ಪೆಗ್ಸ್, ವಯಸ್ಸು 88 ವರ್ಷ, ಇವರಿಗೆ ವಹಿಸಿದರು. ನಾಲ್ಕು ವರ್ಷದಿಂದ ಅವರು ಎಳೆಯುತ್ತಾರೆ, ಇವರು ಆಮೆನ್ ಎನ್ನುತ್ತಾರೆ. ಡೀಕನ್ ಯಾರ ಹತ್ತಿರವೂ ಇದರ ಬಗ್ಗೆ ದೂರಿದವರಲ್ಲ. ಸುಮ್ಮನೆ ಸ್ವಲ್ಪ ಕುಗ್ಗಿಹೋಗಿದ್ದರು.

ಮದರ್ ಲೂಸಿಲ್ ಪ್ರಾರ್ಥನೆಯಲ್ಲಿ ಎಂದೂ ಕಣ್ಣು ಮುಚ್ಚುವುದಿಲ್ಲ, ಬೇರೆಯವರು ಮುಚ್ಚಿದ್ದಾರೋ ಇಲ್ಲವೋ ನೋಡಬೇಕಲ್ಲ. ಅವರ ಬೆಂಚು ಗಾಜಿನ ಬಾಗಿಲ ಪಕ್ಕದಲ್ಲೇ ಇದೆ. ಎತ್ತಿದ ನನ್ನ ಕೈ, ಅದರಾಚೆ ಟೋಪಿ ತೆಗೆದು ನಿಂತ ಚಾಲಕ, ಅವನ ಹಿಂದೆ ಮೂಗು ಮೇಲೆ ಮಾಡಿ ನಿಂತ ಡೊರೆಥಾಳ ಕಾರು, ಮೂರನ್ನೂ ಅವರು ಕಂಡರು. ನಾನು ಕುತ್ತಿಗೆಯನ್ನು ಸ್ವಲ್ಪ ತಿರುಗಿಸಿ ಅವರನ್ನು ನೋಡಿದೆನು. ಅಷ್ಟು ಸಾಕಾಯಿತು.

ಡೀಕನ್ ಅವರು ವಾಡಿಕೆಯಂತೆ ಮೂರು ನಿಮಿಷಕ್ಕೆ ಮುಗಿಸುವ ಧಾಟಿಗೆ ಬಂದರು. ಮದರ್ ಲೂಸಿಲ್ ಮುಗಿಸದಂತೆ ತಡೆಯಲೆಂದು ಕೋಟಿನ ಚುಂಗು ಎಳೆದರು. ಎಳೆದರೆ ಮುಗಿಸು ಎಂದು ಅರ್ಥ. ಡೀಕನ್ ಗಾಬರಿಯಿಂದ ಇನ್ನೂ ಬೇಗ ಮುಗಿಸಲು ಹೊರಟರು. ಆಗ ಮದರ್ ಲೂಸಿಲ್ ಇಡೀ ಸಭೆಗೆ ಕೇಳುವಂತೆ, ನಿಧಾನವಾಗಿ ಹೇಳಿ ಡೀಕನ್, ಅವಸರ ಯಾರಿಗಿದೆ, ಹೇಳಿ ಎಂದು ಹೇಳಿ ಮತ್ತೆ ಚುಂಗು ಎಳೆದರು.

ಆಮೇಲೆ ಡೀಕನ್ ಅವರ ದನಿ ಬೇರೆಯಾಗಿ ಬಂತು. ನಾಲ್ಕು ವರ್ಷದಿಂದ ಗಂಟಲಲ್ಲೇ ಇಟ್ಟುಕೊಂಡದ್ದೆಲ್ಲ ಹೊರಗೆ ಬಂತು. ಕಾಯಿಲೆಯವರಿಗೆ, ಜೈಲಿನಲ್ಲಿದ್ದವರಿಗೆ, ರಾತ್ರಿ ಪಾಳಿಯ ನರ್ಸುಗಳಿಗೆ, ಮಿಸಿಸಿಪ್ಪಿ ನದಿಯ ದೋಣಿಯವರಿಗೆ, ಹೆಸರು ಮರೆತುಹೋದ ಗೋರಿಗಳಿಗೆ, ಎಲ್ಲರಿಗೂ ಅವರು ಬೇಡಿಕೊಂಡರು. ಭಾನುವಾರವೂ ದುಡಿಯೋ ಕರ್ಮ ಇರೋರು, ತಮಗೆ ಇಷ್ಟ ಇಲ್ಲದ ಕೆಲಸಾನ ಮಕ್ಕಳ ಹೊಟ್ಟೆಗೋಸ್ಕರ ಮಾಡೋರು, ಅವರನ್ನೂ ಕಾಯಪ್ಪ ತಂದೆ ಎಂದರು. ಅಂಗಳದಲ್ಲಿ ಚಾಲಕನು ಹೌದು ಸ್ವಾಮಿ ಎಂದದ್ದು ನನಗೆ ಕೇಳಿಸಿತು. ಡೀಕನ್ ಅವರಿಗೆ ಹೊರಗೆ ನಡೆಯುತ್ತಿದ್ದುದರ ಸುಳಿವು ಇರಲಿಲ್ಲ, ಅವರ ಕಣ್ಣು ಮುಚ್ಚಿತ್ತು.

ಅಷ್ಟರಲ್ಲಿ ವಕೀಲರು ತಮ್ಮ ಚರ್ಚಿನಿಂದ ಹೊರಗೆ ಬಂದು ಕೇಸ್ ನಂಬರನ್ನು ನನ್ನ ಫೋನಿಗೆ ಕಳಿಸಿದರು. ಚಾಲಕನ ಫೋನ್ ನಂಬರು ಅವನ ಗಾಡಿಯ ಬಾಗಿಲ ಮೇಲೆಯೇ ಬರೆದಿತ್ತು, ಡೊರೆಥಾ ಕೇಸ್ ನಂಬರನ್ನೂ ವಕೀಲರ ಫೋನ್ ನಂಬರನ್ನೂ ಆತನಿಗೆ ಕಳಿಸಿದಳು. ಆತನ ಜೇಬಿನಲ್ಲಿ ಫೋನ್ ಗುಂಯ್ ಎಂದಿತು. ನನ್ನ ಕೆಲಸ ಮುಗಿಯಿತೆಂದು ನಾನು ಕೈ ಇಳಿಸಿದೆನು. ಆದರೆ ಆತ ಕಣ್ಣು ತೆರೆಯಲಿಲ್ಲ, ಫೋನ್ ನೋಡಲಿಲ್ಲ, ಏಕೆಂದರೆ ಪ್ರಾರ್ಥನೆ ಇನ್ನೂ ನಡೆಯುತ್ತಿತ್ತು. ಮದರ್ ಲೂಸಿಲ್ ನನ್ನ ಕೈ ಇಳಿದದ್ದನ್ನು ನೋಡಿ ಕೋಟು ಎಳೆದರು. ಈಗ ಎಳೆದರೆ ಮುಂದುವರಿಸು ಎಂದು ಡೀಕನ್ ತಿಳಿದಿದ್ದರು. ಅವರು ಮುಂದುವರಿಸಿದರು. ಮದರ್ ಇನ್ನೂ ಜೋರಾಗಿ ಎಳೆದರು. ಡೀಕನ್ ಪ್ರಾರ್ಥನೆಯಲ್ಲಿ ಆಫ್ರಿಕಾ ಖಂಡಕ್ಕೆ ಹೋದರು. ನನ್ನ ಬಳಗದವರಿಗೆ ನಗು ತಡೆಯುವುದೇ ಒಂದು ಶಿಕ್ಷೆಯಾಯಿತು.

ಚಾಲಕನನ್ನು 41 ನಿಮಿಷ ಅಕ್ರಮವಾಗಿ ತಡೆದಿರುತ್ತಾರೆ ಎಂದು ದೂರಿನಲ್ಲಿ ಬರೆದಿದೆ. ಪ್ರಾರ್ಥನೆಯ ಹೊತ್ತಿನಲ್ಲಿ ಗಡಿಯಾರ ನೋಡುವ ಪದ್ಧತಿ ನಮ್ಮಲ್ಲಿ ಇಲ್ಲವಾದ್ದರಿಂದ ಅದು ಸರಿಯೋ ತಪ್ಪೋ ನಾನು ಹೇಳಲಾರೆ. ಅದರ ಮೊದಲ ಪಾಲು ನನ್ನದು, ಒಪ್ಪುತ್ತೇನೆ. ಉಳಿದದ್ದು ಡೀಕನ್ ಅವರದು, ಮತ್ತು ಅದು ಅವರಿಗೆ ನಾವು ಕೊಡಬೇಕಾದ ಬಾಕಿಯೇ ಆಗಿತ್ತು. ಆತನನ್ನು ಯಾರೂ ಮುಟ್ಟಲಿಲ್ಲ, ಗದರಿಸಲಿಲ್ಲ, ಅವನ ಗಾಡಿಗೆ ಯಾರೂ ಅಡ್ಡ ನಿಲ್ಲಲಿಲ್ಲ. ಗಾಡಿಯ ಕೀಲಿ ಆತನ ಜೇಬಿನಲ್ಲೇ ಇತ್ತು, ಅಂಗಳದ ಗೇಟು ತೆರೆದೇ ಇತ್ತು.

ಕೊನೆಗೆ ಆಮೆನ್ ಆಯಿತು. ಚಾಲಕನು ಟೋಪಿ ಹಾಕಿಕೊಂಡು ಫೋನ್ ನೋಡಿದನು, ಮತ್ತು ವಕೀಲರಿಗೆ ಕರೆ ಮಾಡಿದನು. ವಕೀಲರ ದನಿ ದೊಡ್ಡದಾದ್ದರಿಂದ ನಮಗೂ ಕೇಳಿಸಿತು. ನೋಡಪ್ಪಾ, ಅರ್ಜಿ ಕೋರ್ಟಿಗೆ ಸೇರಿದ ಕ್ಷಣದಿಂದ್ಲೇ ಜಪ್ತಿಗೆ ತಡೆ ಬಿದ್ದಿದೆ, ಸಾಲ ಕೊಟ್ಟೋರಿಗೆ ಗೊತ್ತಿರ್ಲಿ ಬಿಡ್ಲಿ, ತಡೆ ತಡೆಯೇ, ನಿಂಗೆ ಇಷ್ಟೊತ್ತು ಗೊತ್ತಿರ್ಲಿಲ್ಲ, ಅದು ತಪ್ಪಲ್ಲ, ಈಗ ಗೊತ್ತಾಯ್ತು, ಗೊತ್ತಿದ್ದೂ ಎಳ್ಕೊಂಡು ಹೋದ್ರೆ ಜಡ್ಜ್ ಮುಂದೆ ಉತ್ತರ ಹೇಳೋರು ನಿಮ್ಮ ಮಾಲೀಕರು ಎಂದು ವಕೀಲರು ಹೇಳಿದರು. ಆತ ತನ್ನ ಮಾಲೀಕರಿಗೂ ಕರೆ ಮಾಡಿದನು, ಅವರು ಎತ್ತಲಿಲ್ಲ. ಫೋನ್ ಜೇಬಿಗೆ ಹಾಕಿ, ಹೋಗಿ ಸನ್ನೆಕೋಲನ್ನು ಒತ್ತಿ ಕಾರನ್ನು ಮೆಲ್ಲಗೆ ನೆಲಕ್ಕೆ ಇಳಿಸಿದನು. ಬಂಪರಿಗೆ ಗೀರು ಬಿದ್ದಿದೆಯೋ ಎಂದು ಬಗ್ಗಿ ನೋಡಿದನು. ಹೋಗುವ ಮುನ್ನ ಮೆಟ್ಟಿಲ ಹತ್ತಿರ ಬಂದು, ನಮ್ಮಜ್ಜಿನೂ ನಿಮ್ ಥರಾನೇ ಬಾಗ್ಲಲ್ಲಿ ನಿಲ್ತಿದ್ರಮ್ಮಾ, ಆ ಕೈ ಎತ್ತಿದ್ರೆ ನಾಯೀನೂ ಬೊಗಳ್ತಿರ್ಲಿಲ್ಲ ಎಂದನು. ನಿನ್ನನ್ನು ಎಲ್ಲಾದರೂ ಬಾಗಿಲ ಸೇವೆಗೆ ಹಾಕಿಕೊಂಡಿದ್ದಾರಾ ಎಂದು ಕೇಳಿದೆನು. ಇಲ್ಲ ಎಂದನು. ಬುಧವಾರ ಸಂಜೆ ಅಭ್ಯಾಸ ಇದೆ, ಗವಸು ನಾನೇ ಕೊಡ್ತೀನಿ ಎಂದು ಹೇಳಿದೆನು.

ಒಳಗೆ ಇನ್ನೊಂದು ನಡೆಯಿತು, ಅದನ್ನೂ ಬರೆಸುತ್ತೇನೆ. ಪಾಸ್ಟರ್ ಅವರು ಮೈಕಿನ ಮುಂದೆ ನಿಂತು, ಡೀಕನ್ ಸಾಹೇಬ್ರು ಇವತ್ತು ನಮ್ಮನ್ನೆಲ್ಲ ಸ್ವರ್ಗದ ಬಾಗಿಲ ತನಕ ನಡೆಸ್ಕೊಂಡೇ ಹೋದ್ರು, ಊಟಕ್ಕೆ ವಾಪಸ್ ಬರ್ತೀವೋ ಇಲ್ವೋ ಅಂತ ಭಯ ಆಗಿತ್ತು ಎಂದರು. ಜನ ನಕ್ಕರು. ಡೀಕನ್ ಅವರ ಮುಖ ಇಳಿದುಹೋಯಿತು. ಕೈಯಲ್ಲಿದ್ದ ಕರವಸ್ತ್ರವನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು.

ಆ ಹೊತ್ತಿಗೆ ಡೊರೆಥಾ ತನ್ನ ಜಾಗಕ್ಕೆ ಮರಳಿದ್ದಳು. ಅವಳ ಕಾರು ಉಳಿದಿತ್ತು, ದಿವಾಳಿಯ ವಿಷಯ ನನ್ನ ಮತ್ತು ಅವಳ ನಡುವೆ ಇತ್ತು, ಸುಮ್ಮನೆ ಇದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸೇವೆಯಲ್ಲಿರುವವರು ಜಾಗ ಬಿಡಬಾರದು ಎಂಬುದು ನಮ್ಮ ನಿಯಮ. ಅವಳು ಜಾಗ ಬಿಟ್ಟಳು. ನಡುವಿನ ದಾರಿಯಲ್ಲಿ ಮುಂದೆ ಹೋಗಿ ಮೈಕ್ ಕೇಳಿ ತೆಗೆದುಕೊಂಡು, ಡೀಕನ್ ಅವರನ್ನ ನೋಡಿ ನಗಬೇಡಿ, ಅವರು ಅಷ್ಟೊತ್ತು ಬೇಡ್ಕೊಂಡಿದ್ದಕ್ಕೇ ನನ್ ಕಾರು ಹೊರಗೆ ಉಳ್ಕೊಂಡಿದೆ ಎಂದಳು. ಜಪ್ತಿಗೆ ಬಂದಿದ್ರು, ನಾನು ದಿವಾಳಿ ಅರ್ಜಿ ಹಾಕಿದೀನಿ, ಸಾಲ ಮುಳುಗಿಸೋಕಲ್ಲ, ತೀರಿಸೋಕೆ ಐದು ವರ್ಷ ಕೇಳಿದೀನಿ, ತಿಂಗಳು ತಿಂಗಳು ಕೋರ್ಟಿನ ಕೈಗೆ ಕಟ್ತೀನಿ ಎಂದಳು.

ಆಗ ಮದರ್ ಲೂಸಿಲ್ ಮುಂದಿನ ಬೆಂಚಿನಿಂದ, ಯಾರು ಲಾಯರು ಮಗಾ, ವೈಟ್‌ಹೇವನ್ ಹಾಬ್ಸನ್ನಾ ಎಂದು ಕೇಳಿದರು. ಹೌದು ಎಂದಳು. ಒಳ್ಳೇ ಹುಡುಗ ಅವ್ನು, ನಂದೂ ದಿವಾಳಿ ಅರ್ಜಿ ಎರಡು ಸಲ ಹಾಕಿದಾನೆ, ಫೀಸೂ ಕಂತಲ್ಲೇ ತಗೋತಾನೆ ಎಂದರು. ಮದರ್ ಲೂಸಿಲ್ ನಮ್ಮ ಚರ್ಚಿನ ಕಂಬ. ಬಣ್ಣದ ಗಾಜಿನ ಒಂದು ಕಿಟಕಿಗೆ ಗೌರವಕ್ಕೆಂದು ಅವರ ಹೆಸರನ್ನೇ ಇಟ್ಟಿದೆ. ಅವರ ಹಿಂದಿನ ಬೆಂಚಿನಿಂದ ಒಬ್ಬರು ತಾವೂ ಅರ್ಜಿ ಹಾಕಿದವರೇ ಎಂದು ಕೈ ಎತ್ತಿದರು. ಆ ಕಡೆಯಿಂದ ಇನ್ನೊಬ್ಬರು. ನಾನು ಗಾಜಿನ ಹೊರಗಿನಿಂದ ನೋಡುತ್ತಿದ್ದೆನು, ಎಷ್ಟು ಕೈ ಎಂದು ಎಣಿಸಲಿಲ್ಲ, ಅದು ಅವರವರ ವಿಷಯ. ಡೀಕನ್ ರಕ್ಕರ್ ಎದ್ದು ನಿಂತು ಡೊರೆಥಾಳ ಕೈ ಹಿಡಿದುಕೊಂಡರು. ಈ ನಾಲ್ಕು ವರ್ಷದಲ್ಲಿ ಅವರು ಅಷ್ಟು ನೆಟ್ಟಗೆ ನಿಂತದ್ದನ್ನು ನಾನು ನೋಡಿರಲಿಲ್ಲ. ಬಾಗಿಲ ಸೇವೆಯಲ್ಲಿ ಅಳುವುದು ನಿಯಮಕ್ಕೆ ವಿರುದ್ಧ. ನಾನು ನನ್ನ ಬೀಸಣಿಗೆಯನ್ನೇ ಮುಖಕ್ಕೆ ಹಿಡಿದುಕೊಂಡೆನು.

ಡೊರೆಥಾ ಆ ದಿನ ಎರಡು ಗಂಟೆಗೆ ಹತ್ತು ನಿಮಿಷ ಮುಂಚೆಯೇ ಜರ್ಮನ್‌ಟೌನ್ ತಲುಪಿದಳು.

ಜಾಗ ಬಿಟ್ಟದ್ದಕ್ಕೆ ಅವಳ ಮೇಲೆ ಬಳಗದ ಅಧ್ಯಕ್ಷೆಯಾಗಿ ನಾನು ಯಾವ ಕ್ರಮವನ್ನೂ ಕೈಗೊಂಡಿರುವುದಿಲ್ಲ. ಮುಂದೆ ಇಂಥ ಸಂದರ್ಭ ಬಂದರೆ ಕೈ ಎತ್ತುತ್ತೀರಾ ಎಂದು ಅಧಿಕಾರಿಗಳು ಕೇಳಿದರು. ಇಪ್ಪತ್ತೆಂಟು ವರ್ಷ ಶಾಲಾ ಬಸ್ಸಿನ, ನಿಲ್ಲಿ ಎಂದು ಬರೆದ ಕೆಂಪು ಫಲಕ ಚಾಚಿ ಲಾರಿಗಳನ್ನು ನಿಲ್ಲಿಸಿದ್ದೇನೆ, ಮಕ್ಕಳು ದಾಟುವ ತನಕ ಒಂದನ್ನೂ ಬಿಟ್ಟವಳಲ್ಲ, ಈ ವಯಸ್ಸಿನಲ್ಲಿ ಅಭ್ಯಾಸ ಬದಲಾಯಿಸಲು ಆಗುವುದಿಲ್ಲ ಎಂದು ಉತ್ತರಿಸಿರುತ್ತೇನೆ. ಪ್ರಮಾಣಕ್ಕಾಗಿ ಬಲಗೈ ಎತ್ತಲು ಹೇಳಿದಾಗ ಎತ್ತಿದ್ದೂ ಅದೇ ಕೈ. ಅಧಿಕಾರಿಗಳು ಇಳಿಸಿ ಎನ್ನುವ ತನಕ ಇಳಿಸಲಿಲ್ಲ.

ನನ್ನನ್ನು ಈ ಠಾಣೆಗೆ ಕರೆತಂದದ್ದು ಡೊರೆಥಾ, ಅದೇ ಕಾರಿನಲ್ಲಿ. ಅದು ಈಗ ಹೊರಗೆ ನಿಂತಿದೆ, ನಾಲ್ಕು ಚಕ್ರವೂ ನೆಲದ ಮೇಲಿದೆ, ಅಧಿಕಾರಿಗಳು ಕಿಟಕಿಯಿಂದ ನೋಡಿ ಖಚಿತಪಡಿಸಿಕೊಳ್ಳಬಹುದು. ಅವಳಿಗೆ ಎರಡು ಗಂಟೆಗೆ ಕೆಲಸವಿದೆ. ನನಗೆ ಸಂಜೆ ಅಭ್ಯಾಸವಿದೆ, ಹೊಸಬರೊಬ್ಬರು ಬರುವವರಿದ್ದಾರೆ. ಆದ್ದರಿಂದ ಬೇಗ ಸಹಿ ಹಾಕಿಸಿಕೊಳ್ಳಬೇಕೆಂದು ಕೋರುತ್ತೇನೆ.

ಇಲ್ಲಿ ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ, ಎಲ್ಲವೂ ನಾನು ಹೇಳಿದ ಹಾಗೆಯೇ ಇದೆ, ಒಂದು ಮಾತನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಸ್ಥಳ: ಮೆಂಫಿಸ್
ದಿನಾಂಕ: 12 ಜೂನ್ 2024, ಬುಧವಾರ

(ಸಹಿ) ಒಫೀಲಿಯಾ ಗ್ರೀರ್
ಅಧ್ಯಕ್ಷೆ, ಬಾಗಿಲ ಸೇವೆ